ಹೆಜ್ಜೆಗಿಂತ ಮುಂಚೆ ಬರುವ ಮಾತು

ಅಮೆರಿಕದ ಈಶಾನ್ಯ ಭಾಗಕ್ಕೆ ನ್ಯೂ ಇಂಗ್ಲೆಂಡ್ ಎಂದು ಹೆಸರು. ಅಲ್ಲಿನ ಸಣ್ಣ ಊರುಗಳ ಪುರಭವನಗಳಲ್ಲಿ, ರೈತಸಂಘಗಳ ಹಳೆಯ ಕಟ್ಟಡಗಳಲ್ಲಿ ಸಂಜೆ ಹೊತ್ತು ಜನ ಸೇರಿ ಕುಣಿಯುವ ಪದ್ಧತಿಯೊಂದಿದೆ. ಇದು ನೋಡುವವರಿಗಾಗಿ ನಡೆಯುವ ಪ್ರದರ್ಶನವಲ್ಲ. ಬಂದವರೆಲ್ಲ ಕುಣಿಯುವವರೇ. ಹತ್ತು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಅಜ್ಜ, ಕಾಲೇಜು ವಿದ್ಯಾರ್ಥಿ, ಬಡಗಿ, ಪ್ರಾಧ್ಯಾಪಕ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ವೇದಿಕೆಯ ಮೇಲೆ ಪಿಟೀಲು, ಪಿಯಾನೊ ನುಡಿಸುವವರು ಇರುತ್ತಾರೆ. ಅವರ ಪಕ್ಕದಲ್ಲಿ ಮೈಕು ಹಿಡಿದ ಒಬ್ಬರು ಮುಂದಿನ ಹೆಜ್ಜೆ ಯಾವುದೆಂದು ಹೇಳುತ್ತಾ ಹೋಗುತ್ತಾರೆ. ಈ ಕುಣಿತಕ್ಕೆ ಕಾಂಟ್ರಾ ನೃತ್ಯ ಎನ್ನುತ್ತಾರೆ.

ಇಂಥ ಸಂಜೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಐದಾರು ಕಾಂಟ್ರಾ ನೃತ್ಯಗಳು ಮುಗಿದ ಮೇಲೆ ಮೈಕಿನವರು ‘ಈಗ ಸಾಲು ಬಿಡಿ, ಚೌಕ ಕಟ್ಟಿ’ ಎನ್ನುತ್ತಾರೆ. ಅದುವರೆಗೆ ದಣಿವೇ ಇಲ್ಲದಂತೆ ಕುಣಿದವರಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯಾಗುತ್ತದೆ. ಇನ್ನು ಕೆಲವರಿಗೆ ಬೂಟಿನ ಲೇಸು ಸಡಿಲವಾಗಿದ್ದು ನೆನಪಾಗುತ್ತದೆ. ಗೋಡೆ ಬದಿಯ ಬೆಂಚುಗಳು ತುಂಬುತ್ತವೆ. ಚೌಕನೃತ್ಯವೆಂದರೆ ಅಮೆರಿಕದ ಜಾನಪದಕ್ಕೆ ಗುರುತಿನ ಚೀಟಿ ಇದ್ದಂತೆ. ಅಲ್ಲಿನ ಹಲವು ರಾಜ್ಯಗಳು ಅದನ್ನು ತಮ್ಮ ರಾಜ್ಯನೃತ್ಯವೆಂದು ಘೋಷಿಸಿವೆ. ಹಾಗಿದ್ದೂ ಕುಣಿತವನ್ನೇ ಪ್ರೀತಿಸುವ ಈ ಜನ ಅದರಿಂದ ತಪ್ಪಿಸಿಕೊಳ್ಳುವುದೇಕೆ? ಅವರನ್ನು ಬೆಂಚಿನಿಂದ ಎಬ್ಬಿಸಲು ಮೈಕಿನವರು ಏನು ಮಾಡಬೇಕು? ಉತ್ತರದಲ್ಲಿ ಸ್ವಲ್ಪ ಇತಿಹಾಸವಿದೆ, ಸ್ವಲ್ಪ ಮನುಷ್ಯ ಸ್ವಭಾವವಿದೆ, ಸಾಕಷ್ಟು ಗಣಿತವೂ ಇದೆ.

ಮೈಕು ಹಿಡಿದವರನ್ನು ಅಲ್ಲಿ ‘ಕಾಲರ್’ ಎನ್ನುತ್ತಾರೆ. ಷರ್ಟಿನ ಕಾಲರ್ ಅಲ್ಲ, ಕರೆ ಕೊಡುವವರು. ನಾವು ಕರೆಗಾರ ಎನ್ನೋಣ. ಹೆಂಗಸರೂ ಈ ಕೆಲಸದಲ್ಲಿ ಬಹಳ ಮಂದಿ ಇರುವುದರಿಂದ ಕರೆಗಾರ್ತಿ ಎಂದೂ ಸೇರಿಸಿಕೊಳ್ಳಬೇಕು.

ಮೊದಲು ಕಾಂಟ್ರಾ ನೃತ್ಯದ ರಚನೆಯನ್ನು ನೋಡೋಣ. ಜೋಡಿಗಳು ಸಭಾಂಗಣದ ಉದ್ದಕ್ಕೂ ಸಾಲಾಗಿ ನಿಲ್ಲುತ್ತವೆ. ವೇದಿಕೆಯ ಕಡೆಯಿಂದ ಎರಡೆರಡು ಜೋಡಿಗಳು ಸೇರಿ ನಾಲ್ವರ ಒಂದೊಂದು ಗುಂಪಾಗುತ್ತದೆ. ಪಿಟೀಲಿನ ಮಟ್ಟಿಗೆ 64 ಎಣಿಕೆ. ಹದಿನಾರರಂತೆ ನಾಲ್ಕು ಭಾಗ. ಈ 64 ಎಣಿಕೆಯೊಳಗೆ ನಾಲ್ವರೂ ಕೈ ಹಿಡಿದು ಸುತ್ತುವುದು, ಬೆನ್ನಿಗೆ ಬೆನ್ನು ತಿರುಗಿಸಿ ದಾಟುವುದು, ಜೊತೆಗಾರರೊಂದಿಗೆ ಗಿರಗಿರನೆ ತಿರುಗುವುದು ಎಲ್ಲ ಆಗುತ್ತದೆ. ಆವರ್ತ ಮುಗಿಯುವಾಗ ಮೊದಲ ಜೋಡಿ ಒಂದು ಸ್ಥಾನ ಕೆಳಗೆ, ಎರಡನೆಯ ಜೋಡಿ ಒಂದು ಸ್ಥಾನ ಮೇಲೆ ಬಂದಿರುತ್ತವೆ. ಈಗ ಎದುರಿಗೆ ಹೊಸ ಜೋಡಿ, ಹೆಜ್ಜೆಗಳು ಮಾತ್ರ ಅವೇ. ಸಾಲಿನ ತುದಿ ತಲುಪಿದ ಜೋಡಿ ಒಂದು ಆವರ್ತ ಸುಮ್ಮನೆ ನಿಂತು, ಬಳಿಕ ವಾಪಸು ಹೊರಡುತ್ತದೆ.

ಇಲ್ಲಿ ಒಂದು ಸುಂದರವಾದ ಲೆಕ್ಕವಿದೆ. ಸಾಲಿನಲ್ಲಿ 12 ಜೋಡಿಗಳಿವೆ ಎಂದಿಟ್ಟುಕೊಳ್ಳಿ. ಮೊದಲ ಆವರ್ತದಲ್ಲಿ 6 ಗುಂಪುಗಳು. ಎರಡನೆಯದರಲ್ಲಿ ಮೇಲಿನ ತುದಿಯಲ್ಲೊಂದು, ಕೆಳಗಿನ ತುದಿಯಲ್ಲೊಂದು ಜೋಡಿ ಹೊರಗುಳಿಯುವುದರಿಂದ 5 ಗುಂಪುಗಳು. ಮತ್ತೆ 6, ಮತ್ತೆ 5. ಹೀಗೆ 12 ಆವರ್ತಗಳಾದರೆ ಮೂವತ್ತಾರು ಮತ್ತು ಮೂವತ್ತು ಸೇರಿ ಒಟ್ಟು 66 ಭೇಟಿಗಳು. ಹನ್ನೆರಡು ಜೋಡಿಗಳಲ್ಲಿ ಪ್ರತಿಯೊಂದೂ ಉಳಿದ ಹನ್ನೊಂದನ್ನು ಒಂದೊಂದು ಸಲ ಭೇಟಿಯಾಗಬೇಕಾದರೆ ಎಷ್ಟು ಭೇಟಿ ಬೇಕು? 12ನ್ನು 11ರಿಂದ ಗುಣಿಸಿ ಎರಡರಿಂದ ಭಾಗಿಸಿ: 66. ಕಬಡ್ಡಿಯ ಲೀಗ್ ಪಂದ್ಯಗಳಲ್ಲಿ ಪ್ರತಿ ತಂಡವೂ ಪ್ರತಿ ತಂಡದೊಂದಿಗೆ ಆಡುವ ಹಾಗೆ, ಇಲ್ಲಿ ಯಾರೂ ಪಟ್ಟಿ ಬರೆಯದೆ ಎಲ್ಲರೂ ಎಲ್ಲರೊಂದಿಗೂ ಒಮ್ಮೆ ಕುಣಿದಿರುತ್ತಾರೆ. ಸಾಲು ಪೂರ್ತಿ ತಲೆಕೆಳಗಾಗಿ, ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ ನಿಂತಿರುತ್ತಾರೆ. ಸಂಗೀತದ ವೇಗ ನಿಮಿಷಕ್ಕೆ 116 ಎಣಿಕೆಯಾದರೆ ಒಂದು ಆವರ್ತಕ್ಕೆ ಸುಮಾರು 33 ಸೆಕೆಂಡು. ಹನ್ನೆರಡು ಆವರ್ತಕ್ಕೆ ಆರೂವರೆ ನಿಮಿಷದ ಮೇಲೆ ಸ್ವಲ್ಪ. ಒಂದು ಕಾಂಟ್ರಾ ನೃತ್ಯವನ್ನು ಹೆಚ್ಚುಕಡಿಮೆ ಅಷ್ಟೇ ಹೊತ್ತು ನುಡಿಸುವುದು ವಾಡಿಕೆ.

ಒಂದೇ ಹೆಜ್ಜೆಗಳು ಹನ್ನೆರಡು ಸಲ ಬರುವುದರಿಂದ ಕರೆಗಾರನ ಕೆಲಸ ದಿನದಿನಕ್ಕೆ ಅಲ್ಲ, ನಿಮಿಷ ನಿಮಿಷಕ್ಕೆ ಹಗುರವಾಗುತ್ತದೆ. ಸಂಗೀತ ಶುರುವಾಗುವ ಮುಂಚೆ ಒಂದೆರಡು ಸಲ ನಡೆಸಿ ತೋರಿಸುತ್ತಾನೆ. ಮೊದಲ ಮೂರು ನಾಲ್ಕು ಆವರ್ತಗಳಲ್ಲಿ ಪ್ರತಿ ಹೆಜ್ಜೆಗೂ ಕರೆ ಕೊಡುತ್ತಾನೆ. ಆಮೇಲೆ ಪೂರ್ತಿ ವಾಕ್ಯದ ಬದಲು ಒಂದು ಪದ. ಕೊನೆಗೆ ಮೈಕು ಕೆಳಗಿಟ್ಟು ಸುಮ್ಮನಾಗುತ್ತಾನೆ. ಜನರ ಕಾಲುಗಳಿಗೆ ಪಾಠ ಬಂದಿರುತ್ತದೆ. ಕಿವಿ ಪೂರ್ತಿಯಾಗಿ ಪಿಟೀಲಿಗೆ ಬಿಡುವಾಗಿರುತ್ತದೆ. ಕಾಂಟ್ರಾ ಪ್ರಿಯರು ಹೇಳುವ ದೊಡ್ಡ ಸುಖ ಇದೇ: ಯಾರೂ ಏನೂ ಹೇಳದಿದ್ದರೂ ಅರವತ್ತು ಎಪ್ಪತ್ತು ಮಂದಿ ಒಂದೇ ಉಸಿರಿನಲ್ಲಿ ತಿರುಗುವುದು.

ಚೌಕನೃತ್ಯದಲ್ಲಿ ಈ ಸುಖ ಸಿಗುವುದಿಲ್ಲ. ಅಲ್ಲಿನ ಸುಖವೇ ಬೇರೆ.

ಚೌಕಕ್ಕೆ ಬೇಕಾದುದು ನಾಲ್ಕು ಜೋಡಿ, ಎಂಟು ಜನ. ಚೌಕದ ಒಂದೊಂದು ಬದಿಗೆ ಒಂದೊಂದು ಜೋಡಿ, ಎಲ್ಲರ ಮುಖವೂ ನಡುವಿಗೆ. ವೇದಿಕೆಗೆ ಬೆನ್ನು ಮಾಡಿ ನಿಂತ ಜೋಡಿಗೆ ಒಂದನೆಯ ನಂಬರು. ಅದರ ಬಲಕ್ಕೆ ಎರಡು, ಎದುರಿಗೆ ಮೂರು, ಎಡಕ್ಕೆ ನಾಲ್ಕು. ಒಂದು ಮತ್ತು ಮೂರು ‘ತಲೆ’ ಜೋಡಿಗಳು, ಎರಡು ಮತ್ತು ನಾಲ್ಕು ‘ಬದಿ’ ಜೋಡಿಗಳು. ಪ್ರತಿ ಗಂಡಸಿನ ಬಲಕ್ಕೆ ಅವನ ಜೊತೆಗಾತಿ. ಎಡಕ್ಕೆ ನಿಂತ ಪಕ್ಕದ ಜೋಡಿಯ ಹೆಂಗಸಿಗೆ ‘ಕಾರ್ನರ್’ ಎಂಬ ಹೆಸರು. ನೃತ್ಯ ಹಲವು ಭಾಗಗಳಲ್ಲಿ ಸಾಗುತ್ತದೆ. ಮೊದಲು ಎಲ್ಲರೂ ಸೇರಿ ಒಂದು ಪೀಠಿಕೆ. ಬಳಿಕ ಮುಖ್ಯ ವಿನ್ಯಾಸ, ತಲೆ ಜೋಡಿಗಳ ಮುಂದಾಳುತನದಲ್ಲಿ ಎರಡು ಸಲ. ನಡುವೆ ಒಂದು ಬದಲಾವಣೆ. ಅದೇ ವಿನ್ಯಾಸ ಬದಿ ಜೋಡಿಗಳಿಂದ ಎರಡು ಸಲ. ಕೊನೆಗೆ ಮುಕ್ತಾಯ. ಈ ಪೀಠಿಕೆ, ನಡುವಿನ ಭಾಗ, ಮುಕ್ತಾಯಗಳನ್ನು ಕರೆಗಾರ ಮುಂಚಿತವಾಗಿ ಹೇಳಿಕೊಡಬೇಕೆಂದಿಲ್ಲ. ಆ ಕ್ಷಣಕ್ಕೆ ತೋಚಿದ್ದನ್ನು ಕರೆಯಬಹುದು. ಆದ್ದರಿಂದ ಕುಣಿಯುವವರು ಕೊನೆಯ ಎಣಿಕೆಯವರೆಗೂ ಕಿವಿ ತೆರೆದಿರಬೇಕು. ಕರೆಗಾರ ಸುಮ್ಮನಾದರೆ ಚೌಕ ನಿಂತುಹೋಗುತ್ತದೆ.

ಈ ಎರಡು ಕುಣಿತಗಳೂ ಒಂದೇ ಮನೆತನದವು. ಲಂಡನ್ನಿನಲ್ಲಿ ಜಾನ್ ಪ್ಲೇಫರ್ಡ್ ಎಂಬ ಪ್ರಕಾಶಕ ‘ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕ ತಂದ. ಅದರ ಮೇಲಿನ ವರ್ಷ 1651. ಅದರಲ್ಲಿದ್ದಂಥ ಹಳ್ಳಿ ಕುಣಿತಗಳು ಫ್ರಾನ್ಸಿಗೆ ಹೋಗಿ ‘ಕಾಂತ್ರದಾನ್ಸ್’ ಆದವು. ಕಾಂಟ್ರಾ ಎಂಬ ಹೆಸರು ಬಂದದ್ದು ಆ ದಾರಿಯಿಂದ. ಫ್ರೆಂಚರ ಕೋತಿಲ್ಯೋಂ, ಕ್ವಾಡ್ರಿಲ್ ಎಂಬ ಚೌಕದ ಕುಣಿತಗಳು ಅಮೆರಿಕದ ಚೌಕನೃತ್ಯಕ್ಕೆ ಮೂಲ. ಬೆನ್ನಿಗೆ ಬೆನ್ನು ದಾಟುವ ‘ಡೋ-ಸಿ-ಡೋ’ ಎಂಬ ಕರೆ ಫ್ರೆಂಚಿನ ‘ದೋಸ್-ಆ-ದೋ’ ಎಂಬುದರ ಹಳ್ಳಿ ಉಚ್ಚಾರ. ದೋಸೆಗೂ ಇದಕ್ಕೂ ಸಂಬಂಧವಿಲ್ಲ.

ಯುರೋಪಿನ ಶ್ರೀಮಂತರು ನೃತ್ಯಗುರುಗಳ ಬಳಿ ಕಲಿತು, ಕಂಠಪಾಠ ಮಾಡಿ ಕುಣಿಯುತ್ತಿದ್ದರು. ಕುಣಿಯುವಾಗಲೇ ಒಬ್ಬ ಕೂಗಿ ಹೇಳುವ ಪದ್ಧತಿ ಅಮೆರಿಕದ್ದು. ಅದನ್ನು ತಂದವರು ಯಾರು? ಫಿಲ್ ಜೇಮಿಸನ್ ಎಂಬ ಸಂಶೋಧಕ, ಸ್ವತಃ ಕರೆಗಾರ, 2015ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ದಕ್ಷಿಣದ ಬಿಳಿಯ ಜಮೀನ್ದಾರರ ನೃತ್ಯಗಳಿಗೆ ಪಿಟೀಲು ನುಡಿಸುತ್ತಿದ್ದವರಲ್ಲಿ ಬಹಳ ಮಂದಿ ಗುಲಾಮಗಿರಿಯಲ್ಲಿದ್ದ ಕರಿಯರು. ನುಡಿಸುತ್ತಲೇ ಹೆಜ್ಜೆ ಕೂಗಿ ಹೇಳುವ ಪದ್ಧತಿ ಅವರಿಂದ ಬಂತು ಎಂಬುದು ಜೇಮಿಸನ್ ವಾದ. ಕೂಗಿ ಹೇಳುವವನಿದ್ದರೆ ನೃತ್ಯಗುರುವಿಗೆ ಫೀಸು ಕೊಡಲಾಗದ ಬಡವನೂ ಕುಣಿಯಬಹುದು. ಬಿಳಿಯ ಅಮೆರಿಕ ತನ್ನದೆಂದು ಮೆರೆಸಿದ ಕಲೆಯ ಬೇರಿನಲ್ಲಿ ಹೆಸರೂ ಉಳಿಯದ ಆ ಪಿಟೀಲುಗಾರರು ಇದ್ದಾರೆ ಎಂಬುದನ್ನು ಶಾಲೆಯ ಮಕ್ಕಳಿಗೆ ಬಹುಕಾಲ ಯಾರೂ ಹೇಳಲಿಲ್ಲ.

ಶಾಲೆಯ ಮಾತು ಬಂದದ್ದರಿಂದ ಇನ್ನೊಬ್ಬರನ್ನು ನೆನೆಯಬೇಕು. ಕೊಲರಾಡೊ ಸ್ಪ್ರಿಂಗ್ಸ್ ಊರಿನ ಷಾಯನ್ ಮೌಂಟನ್ ಶಾಲೆಯ ಮುಖ್ಯಸ್ಥ ಲಾಯ್ಡ್ ಷಾ ಪಶ್ಚಿಮ ಸೀಮೆಯ ಚೌಕನೃತ್ಯಗಳನ್ನು ಹಳಬರಿಂದ ಸಂಗ್ರಹಿಸಿ 1939ರಲ್ಲಿ ‘ಕೌಬಾಯ್ ಡಾನ್ಸಸ್’ ಎಂಬ ಪುಸ್ತಕ ಬರೆದರು. ತಮ್ಮ ಶಾಲೆಯ ಹುಡುಗ ಹುಡುಗಿಯರ ತಂಡ ಕಟ್ಟಿ ದೇಶವೆಲ್ಲ ಸುತ್ತಿಸಿದರು. ಎರಡನೆಯ ಮಹಾಯುದ್ಧದ ಬಳಿಕ ಚೌಕನೃತ್ಯದ ಹುಚ್ಚು ಹಬ್ಬಲು ಈ ಮೇಷ್ಟ್ರ ಪಾಲು ಸಣ್ಣದಲ್ಲ. ಆದರೆ ಹುಚ್ಚು ಹಬ್ಬಿದಂತೆ ಕರೆಗಳ ಸಂಖ್ಯೆಯೂ ಬೆಳೆಯಿತು. ಚೌಕನೃತ್ಯಕ್ಕೆ ಬೇರೆಯೇ ಕ್ಲಬ್ಬುಗಳು ಹುಟ್ಟಿ, ಸೇರಬೇಕಾದವರು ತಿಂಗಳುಗಟ್ಟಲೆ ತರಗತಿಗೆ ಹೋಗುವಂತಾಯಿತು. 1974ರಲ್ಲಿ ಕರೆಗಾರರದೇ ಆದ ‘ಕಾಲರ್‌ಲ್ಯಾಬ್’ ಸಂಸ್ಥೆ ಹುಟ್ಟಿ ಯಾವ ಹಂತಕ್ಕೆ ಯಾವ ಕರೆಗಳು ಎಂದು ಪಠ್ಯಕ್ರಮವನ್ನೇ ಗೊತ್ತುಮಾಡಿತು.

ನ್ಯೂ ಇಂಗ್ಲೆಂಡಿನ ದಾರಿ ಬೇರೆಯಾಯಿತು. ನ್ಯೂ ಹ್ಯಾಂಪ್‌ಶೈರಿನ ರಾಲ್ಫ್ ಪೇಜ್ (1903-1985) ಅಲ್ಲಿನ ಹಳೆಯ ಕುಣಿತಗಳನ್ನು ಉಳಿಸಿದ ದೊಡ್ಡ ಕರೆಗಾರ. ‘ನಾರ್ದರ್ನ್ ಜಂಕೆಟ್’ ಎಂಬ ಪತ್ರಿಕೆಯನ್ನು 1949ರಿಂದ 1984ರವರೆಗೆ ನಡೆಸಿದವರು. ಅವರ ಕಾಲದ ಸಂಜೆಗಳಲ್ಲಿ ಚೌಕಗಳೇ ಹೆಚ್ಚು, ನಡುನಡುವೆ ಕಾಂಟ್ರಾ. 1960ರ ದಶಕದಲ್ಲಿ ಡಡ್ಲಿ ಲಾಫ್‌ಮನ್ ಯುವಜನರನ್ನು ಕಾಂಟ್ರಾ ಕಡೆಗೆ ಸೆಳೆದರು. ತಕ್ಕಡಿ ವಾಲಿತು. ಮುಂದಿನ ಎರಡು ದಶಕಗಳಲ್ಲಿ ಕಾಂಟ್ರಾ ಅಮೆರಿಕದ ಉದ್ದಗಲಕ್ಕೆ ಹರಡಿದಾಗ ಚೌಕ ಅತಿಥಿಯಾಯಿತು. ಒಂದು ಸಂಜೆಗೆ ಒಂದು ಅಥವಾ ಎರಡು, ಹಲವು ಕಡೆ ಅದೂ ಇಲ್ಲ. ಬಾಸ್ಟನ್ನಿನ ಟೆಡ್ ಸನೆಲಾ (1928-1995) ಅವರಂಥ ಕೆಲವರು ಮಾತ್ರ ಪಟ್ಟು ಬಿಡದೆ ಎರಡನ್ನೂ ಬೆರೆಸುತ್ತಾ ಬಂದರು.

ಈಗ ಬೆಂಚಿಗೆ ಹೋದವರ ದೂರುಗಳನ್ನು ಕೇಳಬಹುದು. ಅವುಗಳಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಮೊದಲನೆಯದು ಭಾಗಾಕಾರದ ದೂರು. ಸಭಾಂಗಣದಲ್ಲಿ 52 ಜನರಿದ್ದಾರೆ ಎನ್ನಿ. ಕಾಂಟ್ರಾ ಸಾಲಾದರೆ ಎಲ್ಲರಿಗೂ ಜಾಗವಿದೆ. ಚೌಕವಾದರೆ ಎಂಟಾರಲೆ ನಲವತ್ತೆಂಟು, ಶೇಷ ನಾಲ್ಕು. ಆ ನಾಲ್ವರು ಕೈ ಎತ್ತಿ ‘ಇನ್ನೆರಡು ಜೋಡಿ ಬೇಕು’ ಎಂದು ಕಾಯುತ್ತಾ ನಿಲ್ಲಬೇಕು. ಯಾರೂ ಏಳದಿದ್ದರೆ ಆಸೆಯಿಂದ ಬಂದವರೇ ಹೊರಗೆ. ಶೇಷವೆಂದರೆ ಪುಸ್ತಕದಲ್ಲಿ ಒಂದು ಅಂಕಿ; ಇಲ್ಲಿ ಅದು ಮುಖ ಸಣ್ಣದು ಮಾಡಿಕೊಂಡ ನಾಲ್ಕು ಜನ. ಹೀಗೆ ಚೌಕ ಕಟ್ಟುವುದರಲ್ಲೇ ಹಲವು ನಿಮಿಷ ಹೋಗುತ್ತದೆ. ಅನುಭವವುಳ್ಳ ಕರೆಗಾರರು ಒಂದೇ ಚೌಕನೃತ್ಯಕ್ಕಾಗಿ ಸಾಲು ಮುರಿಸುವುದಿಲ್ಲ. ಒಮ್ಮೆ ಕಟ್ಟಿದ ಚೌಕದಲ್ಲಿ ಎರಡನ್ನು ಒಟ್ಟಿಗೇ ಮಾಡಿಸುತ್ತಾರೆ.

ಎರಡನೆಯದು ಕಾಯುವ ದೂರು. ಹಳೆಯ ಚೌಕನೃತ್ಯಗಳಲ್ಲಿ ಒಂದನೆಯ ಜೋಡಿ ಎರಡನೆಯವರ ಮನೆಗೆ ಹೋಗಿ ಕುಣಿದು, ಮೂರನೆಯವರಲ್ಲಿಗೆ, ನಾಲ್ಕನೆಯವರಲ್ಲಿಗೆ ಹೋಗುತ್ತದೆ. ಅಷ್ಟು ಹೊತ್ತೂ ಉಳಿದ ಎರಡು ಜೋಡಿಗಳು ಚಪ್ಪಾಳೆ ತಟ್ಟುತ್ತಾ ನಿಂತಿರಬೇಕು. ಹಳೆಯ ಕಾಂಟ್ರಾಗಳಲ್ಲೂ ಹೀಗೆ ನಿಲ್ಲುವುದಿತ್ತು. ಇತ್ತೀಚಿನವು ಎಲ್ಲರಿಗೂ ಸಮಪಾಲು ಕೊಡುತ್ತವೆ. ಆ ಅಭ್ಯಾಸದವರಿಗೆ ನಿಲ್ಲುವುದೆಂದರೆ ಬೇಸರ. ಆದ್ದರಿಂದ ಕಾಂಟ್ರಾ ಸಭೆಗೆ ಚೌಕ ಆರಿಸುವವರು ಎಂಟೂ ಜನಕ್ಕೆ ಸದಾ ಕೆಲಸವಿರುವ, ಜೊತೆಗಾರರೊಂದಿಗೆ ಗಿರಗಿರ ತಿರುಗುವ ಅವಕಾಶ ಧಾರಾಳವಾಗಿರುವ, ಸಂಗೀತದ ಎಂಟೆಂಟು ಎಣಿಕೆಗೆ ಸರಿಯಾಗಿ ಹೊಂದುವ ನೃತ್ಯವನ್ನೇ ಹುಡುಕುತ್ತಾರೆ.

ಆ ಗಿರಗಿರ ತಿರುಗುವುದಕ್ಕೆ ‘ಸ್ವಿಂಗ್’ ಎಂದು ಹೆಸರು. ಉತ್ತರ ಕರ್ನಾಟಕದ ಹುಡುಗಿಯರು ಆಡುವ ಫುಗಡಿಯ ದೂರದ ನೆಂಟ ಎಂದುಕೊಳ್ಳಿ. ಇಬ್ಬರ ಬಲಗಾಲುಗಳೂ ನಡುಬಿಂದುವಿನ ಹತ್ತಿರ, ಎಡಗಾಲಿನಿಂದ ನೆಲವನ್ನು ಒತ್ತಿ ಒತ್ತಿ ತಳ್ಳುವುದು. ಹೊರಗೆ ಎಸೆಯಲ್ಪಡದಂತೆ ಒಬ್ಬರನ್ನೊಬ್ಬರು ಹಿಡಿದು, ಒಬ್ಬರಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಇನ್ನೊಬ್ಬರು ಒದಗಿಸುತ್ತಾರೆ. ಒಬ್ಬರು ಸೋಮಾರಿಯಾದರೆ ಇಬ್ಬರಿಗೂ ಸುಖವಿಲ್ಲ.

ಮೂರನೆಯದೇ ನಿಜವಾದ ದೂರು, ಅದು ಭಯ. ಕಾಂಟ್ರಾದಲ್ಲಿ ತಪ್ಪಿದರೆ ಅರ್ಧ ನಿಮಿಷದಲ್ಲಿ ಹೊಸ ನೆರೆಯವರು ಎದುರಿಗೆ ಬರುತ್ತಾರೆ, ಹಳೆಯ ತಪ್ಪು ಹಿಂದೆಯೇ ಉಳಿಯುತ್ತದೆ. ಚೌಕದಲ್ಲಿ ಆರಂಭದಿಂದ ಕೊನೆಯವರೆಗೆ ಅದೇ ಎಂಟು ಜನ. ಒಬ್ಬರು ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋದರೆ ಎಂಟು ಜನವೂ ಕಗ್ಗಂಟು. ಹೊಸಬರಿಗೆ ತಾವು ಏಳು ಜನರ ಸಂತೋಷ ಕೆಡಿಸಿದೆವು ಎಂಬ ಅಳುಕು. ಪರಿಣತರಿಗೆ ಹೊಸಬರ ಜೊತೆ ಸಿಕ್ಕಿಹಾಕಿಕೊಂಡೆವು ಎಂಬ ಸಿಡಿಮಿಡಿ. ತರಗತಿಯಲ್ಲಿ ಕೈ ಎತ್ತದ ಮಗು ಉತ್ತರ ಗೊತ್ತಿಲ್ಲದ್ದಕ್ಕಷ್ಟೇ ಸುಮ್ಮನಿರುವುದಿಲ್ಲ, ಉಳಿದವರ ನಗೆಗೂ ಹೆದರಿರುತ್ತದೆ. ಬೆಂಚಿನ ಮೇಲೆ ಕುಳಿತವರ ಸ್ಥಿತಿಯೂ ಅದೇ. ಎಷ್ಟೋ ಕಡೆ ಚೌಕ ಕಾರ್ಯಕ್ರಮದಿಂದ ಬಿದ್ದುಹೋದದ್ದು ಈ ಭಯದಿಂದ. ಭಯ ಹುಟ್ಟಿಸಿದ್ದು ಬಹುಮಟ್ಟಿಗೆ ಕರೆಯುವುದನ್ನು ಸರಿಯಾಗಿ ಕಲಿಯದೆ ಕರೆಯಲು ನಿಂತವರು.

ಏನು ಕಲಿಯಬೇಕು? ಮೊದಲು ಕಾಲದ ಲೆಕ್ಕ. ಪಿ.ಟಿ. ಮೇಷ್ಟ್ರ ‘ದಾಹಿನೇ... ಮುಡ್’ ಎಂಬ ಆಜ್ಞೆ ನಿಮಗೆಲ್ಲ ಗೊತ್ತು. ಎಳೆದು ಹೇಳುವ ಮೊದಲ ಪದ ಎಚ್ಚರಿಕೆ. ಯಾವ ಕಡೆ ಎಂದು ಮಿದುಳು ತಿಳಿದುಕೊಳ್ಳಲು ಸಮಯ. ಗಕ್ಕನೆ ಬರುವ ಎರಡನೆಯ ಪದಕ್ಕೆ ದೇಹ ತಿರುಗುತ್ತದೆ. ಕರೆಗಾರನ ಬಳಿ ಎರಡನೆಯ ಪದವಿಲ್ಲ. ಅದರ ಜಾಗದಲ್ಲಿ ಸಂಗೀತದ ಹೊಸ ಭಾಗದ ಮೊದಲ ಎಣಿಕೆ ಇದೆ. ಆ ಎಣಿಕೆ ಬೀಳುವ ಮುಂಚೆ ಕರೆ ಮುಗಿದಿರಬೇಕು. ‘ಕಾರ್ನರ್ ಜೊತೆ ಎಡಗೈ ಸುತ್ತು’ ಎನ್ನಲು ನಾಲ್ಕು ಎಣಿಕೆ ಬೇಕಾದರೆ, ಹಿಂದಿನ ಹೆಜ್ಜೆ ಮುಗಿಯಲು ಇನ್ನೂ ನಾಲ್ಕು ಎಣಿಕೆ, ಅಂದರೆ ಎರಡು ಸೆಕೆಂಡು, ಇರುವಾಗಲೇ ಬಾಯಿ ತೆರೆಯಬೇಕು. ಜನ ಈಗ ಮಾಡುತ್ತಿರುವುದು ಒಂದು, ಅವನು ಹೇಳುತ್ತಿರುವುದು ಮುಂದಿನದು, ಯೋಚಿಸುತ್ತಿರುವುದು ಅದರ ಮುಂದಿನದು. ಎರಡು ಸೆಕೆಂಡು ತಡವಾದರೆ ಇಡೀ ಸಭಾಂಗಣ ಎರಡು ಸೆಕೆಂಡು ತಡ. ಜನ ಓಡುತ್ತಾರೆ, ಎಡವುತ್ತಾರೆ, ಚೌಕವೇ ಕಷ್ಟ ಎನ್ನುತ್ತಾರೆ.

ಶಬ್ದದ ವೇಗವನ್ನು ಓದಿದ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬಹುದು. ಸಭಾಂಗಣ 25 ಮೀಟರ್ ಉದ್ದವಿದ್ದರೆ ಕೊನೆಯ ಚೌಕಕ್ಕೆ ದನಿ ತಡವಾಗಿ ತಲುಪುವುದಿಲ್ಲವೇ? ತಲುಪುತ್ತದೆ. ಸೆಕೆಂಡಿಗೆ 340 ಮೀಟರಿನಂತೆ ಸುಮಾರು 0.07 ಸೆಕೆಂಡು, ಅಂದರೆ ಒಂದು ಎಣಿಕೆಯ ಏಳನೆಯ ಒಂದು ಪಾಲು. ಆದರೆ ಪಿಟೀಲೂ ಅಷ್ಟೇ ತಡವಾಗಿ ಬರುವುದರಿಂದ ಮಾತಿಗೂ ಮಟ್ಟಿಗೂ ಜಗಳವಾಗುವುದಿಲ್ಲ. ಹಿಂದಿನ ಸಾಲಿನವರು ಒಂದು ಕೂದಲೆಳೆಯಷ್ಟು ತಡವಾಗಿ ಕುಣಿಯುತ್ತಾರೆ, ಅಷ್ಟೇ.

ಎರಡನೆಯದು ಮನೆಗೆ ಸೇರಿಸುವ ಲೆಕ್ಕ. ಕುಣಿತ ಮುಗಿಯುವಾಗ ಪ್ರತಿಯೊಬ್ಬರೂ ತಮ್ಮ ಸ್ವಂತ ಜೊತೆಗಾರರೊಂದಿಗೆ ತಮ್ಮ ಮೂಲ ಸ್ಥಾನದಲ್ಲಿ ಇರಬೇಕು. ಗಂಡಸರು ತಮ್ಮ ಸ್ಥಾನದಲ್ಲಿದ್ದಾರೆ ಎನ್ನಿ. ನಾಲ್ವರು ಹೆಂಗಸರು ನಿಲ್ಲಬಹುದಾದ ಕ್ರಮಗಳು ನಾಲ್ಕು ಮೂರು ಎರಡು ಒಂದನ್ನು ಗುಣಿಸಿದಷ್ಟು, ಅಂದರೆ 24. ಅವುಗಳಲ್ಲಿ ಸರಿಯಾದದ್ದು ಒಂದೇ. ಸಾಮಾನ್ಯ ವಿನ್ಯಾಸವೊಂದರ ಕೊನೆಯಲ್ಲಿ ‘ಕಾರ್ನರ್ ಜೊತೆ ಸ್ವಿಂಗ್, ಅವಳನ್ನು ಮನೆಗೆ ಕರೆದುಕೊಂಡು ಬಾ’ ಎಂಬ ಕರೆ ಬರುತ್ತದೆ. ಪ್ರತಿ ಗಂಡಸೂ ಎಡಬದಿಯವಳನ್ನು ತನ್ನ ಸ್ಥಾನಕ್ಕೆ ತರುವುದರಿಂದ ನಾಲ್ವರು ಹೆಂಗಸರೂ ಒಂದೊಂದು ಸ್ಥಾನ ಬಲಕ್ಕೆ ಸರಿಯುತ್ತಾರೆ. ನಾಲ್ಕು ಸಲ ಹೀಗಾದರೆ ಎಲ್ಲರೂ ಹೊರಟಲ್ಲಿಗೇ ಬಂದಿರುತ್ತಾರೆ. ವಿನ್ಯಾಸವನ್ನು ತಲೆ ಜೋಡಿಗಳಿಂದ ಎರಡು, ಬದಿ ಜೋಡಿಗಳಿಂದ ಎರಡು ಸಲ ಮಾಡಿಸುವ ಗುಟ್ಟು ಇಲ್ಲಿದೆ.

ಇನ್ನೊಂದು ಕರೆ ‘ಗ್ರ್ಯಾಂಡ್ ರೈಟ್ ಅಂಡ್ ಲೆಫ್ಟ್’. ಜೊತೆಗಾರರಿಗೆ ಬಲಗೈ ಕೊಟ್ಟು ದಾಟಿ, ಮುಂದಿನವರಿಗೆ ಎಡಗೈ, ಮತ್ತೆ ಬಲಗೈ, ಮತ್ತೆ ಎಡಗೈ. ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಎದುರು ದಿಕ್ಕಿಗೆ. ನಾಲ್ಕು ಕೈಗಳಾದ ಮೇಲೆ ಜೊತೆಗಾರರು ಮತ್ತೆ ಎದುರಾಗುತ್ತಾರೆ, ಆದರೆ ಪೂರ್ತಿ ಸುತ್ತು ಆಗಿರುವುದಿಲ್ಲ, ಅರ್ಧ ಸುತ್ತು ಮಾತ್ರ. ಎದುರುಬದುರಾಗಿ ಚಲಿಸುವ ರೈಲುಗಳ ಲೆಕ್ಕ ಮಾಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಹೊಸಬರು ‘ಇಷ್ಟು ಬೇಗ ಬಂದರೇ’ ಎಂದು ನಗುವುದು ಇಲ್ಲೇ.

ಮೂರನೆಯದಕ್ಕೆ ಲೆಕ್ಕವಿಲ್ಲ: ಕಣ್ಣು ಜನರ ಮೇಲಿರಬೇಕು. ಕಾಂಟ್ರಾ ಕರೆಗಾರರಲ್ಲಿ ಬಹಳ ಮಂದಿ ನೃತ್ಯಗಳನ್ನು ಸಣ್ಣ ರಟ್ಟಿನ ಕಾರ್ಡುಗಳ ಮೇಲೆ ಬರೆದಿಟ್ಟುಕೊಂಡು ನೋಡಿ ಕರೆಯುತ್ತಾರೆ. ಅಲ್ಲಿ ಅದು ನಡೆಯುತ್ತದೆ. ಚೌಕದಲ್ಲಿ ಕಾರ್ಡಿಗೆ ಕಣ್ಣು ನೆಟ್ಟವನಿಗೆ ಮೂರನೆಯ ಚೌಕ ಕಗ್ಗಂಟಾದದ್ದು ಕಾಣುವುದಿಲ್ಲ. ಬಲ್ಲವನು ಮುಂದಿನ ವಿನ್ಯಾಸವನ್ನು ತಡೆದು, ‘ಎಲ್ಲರೂ ಮನೆಗೆ ಹೋಗಿ ಜೊತೆಗಾರರೊಂದಿಗೆ ಸ್ವಿಂಗ್’ ಎಂಬ ಒಂದು ಕರೆ ಕೊಡುತ್ತಾನೆ. ಸರಿಯಾಗಿದ್ದವರಿಗೆ ಅದು ಬಹುಮಾನ, ದಾರಿ ತಪ್ಪಿದವರಿಗೆ ದಾರಿ. ಯಾರು ತಪ್ಪಿದರೆಂದು ಯಾರಿಗೂ ತಿಳಿಯುವುದಿಲ್ಲ. ಕೆಟ್ಟ ಕರೆಗಾರ ಅದೇ ಕ್ಷಣದಲ್ಲಿ ಮೈಕಿನಲ್ಲಿ ‘ಅಲ್ಲ, ಅಲ್ಲ, ಬಲಕ್ಕೆ!’ ಎಂದು ಕೂಗುತ್ತಾನೆ. ಆ ಚೌಕದ ಎಂಟು ಜನರಲ್ಲಿ ಇಬ್ಬರಾದರೂ ಮುಂದಿನ ಸಲ ನೀರು ಕುಡಿಯಲು ಹೋಗುತ್ತಾರೆ.

ಹೇಳಿಕೊಡುವುದೂ ಹೀಗೆಯೇ. ಕ್ಲಬ್ಬಿನವರಿಗೆ ತಿಂಗಳುಗಳ ಪಾಠವಾಗಿರುತ್ತದೆ. ಕಾಂಟ್ರಾ ಸಭೆಗೆ ಆ ದಿನವೇ ಮೊದಲ ಬಾರಿ ಬಂದವರೂ ಇರುತ್ತಾರೆ. ಯಾವತ್ತು ಬೇಕಾದರೂ ಬಂದು ಸೇರಬಹುದು ಎಂಬುದು ಆ ಸಮುದಾಯದ ಮುಖ್ಯ ನಿಯಮ. ಆದ್ದರಿಂದ ಐದು ನಿಮಿಷದಲ್ಲಿ ನಡೆಸಿ ತೋರಿಸಲಾಗದ ಚೌಕವನ್ನು ಅಲ್ಲಿಗೆ ತರಬಾರದು. ಕಾಂಟ್ರಾದಲ್ಲಿ ಆಗಲೇ ಬಂದುಹೋದ ಹೆಜ್ಜೆಗಳನ್ನೇ ಇಟ್ಟುಕೊಂಡು ಹೊಸದನ್ನು ಒಂದು ಮಾತ್ರ ಸೇರಿಸಬೇಕು. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಎಂದು ಬಿ.ಎಡ್. ತರಗತಿಗಳಲ್ಲಿ ಬರೆಸುವ ಸೂತ್ರ ಮೈಕಿನ ಮುಂದೆಯೂ ಅದೇ. ಟೋನಿ ಪಾರ್ಕ್ಸ್ ಎಂಬ ಹಿರಿಯ ಕರೆಗಾರ 1992ರಲ್ಲಿ ಕಾಂಟ್ರಾ ಕರೆಯುವುದರ ಮೇಲೆ ಪುಸ್ತಕ ಬರೆದರು. ಚೌಕ ಕರೆಯುವುದರ ಮೇಲಿನ ಅವರ ಪುಸ್ತಕ ಹೊರಬಂದದ್ದು 2021ರಲ್ಲಿ.

ಈಚೆಗೆ ಮತ್ತೊಂದು ತೊಡಕು ಸೇರಿದೆ. ಯಾರು ಯಾವ ಪಾತ್ರವನ್ನಾದರೂ ಕುಣಿಯಬಹುದು ಎಂಬ ಕಾರಣಕ್ಕೆ ಹಲವು ಕಾಂಟ್ರಾ ಸಭೆಗಳು ‘ಜೆಂಟ್ಸ್, ಲೇಡೀಸ್’ ಎಂಬ ಪದಗಳನ್ನು ಬಿಟ್ಟು ‘ಲಾರ್ಕ್, ರಾಬಿನ್’ ಎಂಬ ಹಕ್ಕಿಗಳ ಹೆಸರು ಹಿಡಿದಿವೆ. ಲಾರ್ಕ್ ಎಡಕ್ಕೆ, ರಾಬಿನ್ ಬಲಕ್ಕೆ. ಲೆಫ್ಟ್, ರೈಟ್ ಎಂಬ ಪದಗಳ ಮೊದಲ ಅಕ್ಷರಗಳೇ ಇವಕ್ಕೂ ಇರುವುದರಿಂದ ನೆನಪಿಡಲು ಸುಲಭ. ಕಾಂಟ್ರಾದ ಚಿಕ್ಕ ಕರೆಗಳಲ್ಲಿ ಪದ ಬದಲಿಸುವುದು ದೊಡ್ಡ ಕೆಲಸವಲ್ಲ. ಚೌಕದ ಕರೆಗಳು ಹಾಗಲ್ಲ. ಅವಕ್ಕೆ ಪ್ರಾಸವಿದೆ, ಕೆಲವನ್ನು ಹಾಡಿನ ಮಟ್ಟಿಗೇ ಹೊಂದಿಸಿ ಹಾಡುತ್ತಾರೆ. ಒಂದು ಪದ ಕಿತ್ತರೆ ಸಾಲು ಕುಂಟುತ್ತದೆ. ಪ್ರಾಸವನ್ನು ಹೊಸದಾಗಿ ಕಟ್ಟುವವರೂ ಇದ್ದಾರೆ, ಹಳೆಯದನ್ನು ಬಿಡಲಾರದವರೂ ಇದ್ದಾರೆ. ಹಕ್ಕಿಗಳ ಹೆಸರಿಗೆ ಪ್ರಾಸ ಹುಡುಕುವುದು ಅಸಾಧ್ಯವೇನಲ್ಲ, ಶ್ರಮ ಬೇಕು.

ಚೌಕದ ಪಕ್ಷಪಾತಿಗಳೂ ಸುಮ್ಮನಿಲ್ಲ. ‘ಡೇರ್ ಟು ಬಿ ಸ್ಕ್ವೇರ್’ ಎಂಬ ಹೆಸರಿನಲ್ಲಿ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ವಾರಾಂತ್ಯದ ಕೂಟಗಳು ನಡೆದಿವೆ. ಹಳಬರು ಕರೆಯುವುದನ್ನು ಕೇಳಿ ಹೊಸಬರು ಅಲ್ಲಿ ಕಲಿಯುತ್ತಾರೆ. ಕಾಂಟ್ರಾ ಬೇಡ ಎನ್ನುವುದು ಅವರ ವಾದವಲ್ಲ. ಮುಂದೇನು ಬರುತ್ತದೆ ಎಂದು ಗೊತ್ತಿಲ್ಲದೆ ಕಿವಿಗೊಟ್ಟು ಕಾಯುವುದರಲ್ಲೂ ಒಂದು ರೋಮಾಂಚನವಿದೆ, ಅದನ್ನು ಒಮ್ಮೆ ಸರಿಯಾಗಿ ಅನುಭವಿಸಿದವರು ಬೆಂಚಿಗೆ ಹೋಗುವುದಿಲ್ಲ ಎನ್ನುತ್ತಾರೆ.

ಈ ಕರೆಗಾರಿಕೆಯನ್ನು ಊಟದ ಮೇಜಿನ ಮೇಲೆಯೇ ಮಾಡಿ ನೋಡಬಹುದು. ನಾಲ್ಕು ನಾಣ್ಯಗಳನ್ನು ಚೌಕದ ನಾಲ್ಕು ಬದಿಗಳಲ್ಲಿಡಿ. ಇವು ಗಂಡಸರು, ಕದಲುವುದಿಲ್ಲ. ನಾಲ್ಕು ಹುಣಸೆಬೀಜಗಳ ಮೇಲೆ ಒಂದರಿಂದ ನಾಲ್ಕರವರೆಗೆ ನಂಬರು ಬರೆದು ಒಂದೊಂದನ್ನು ಒಂದೊಂದು ನಾಣ್ಯದ ಬಲಕ್ಕಿಡಿ. ‘ಕಾರ್ನರ್‌ನ್ನು ಮನೆಗೆ ತಾ’ ಎಂದರೆ ಎಲ್ಲ ಬೀಜಗಳೂ ಒಂದು ಸ್ಥಾನ ಬಲಕ್ಕೆ ಸರಿಯುತ್ತವೆ. ‘ನಾಲ್ವರೂ ಎದುರಿಗೆ ದಾಟಿ’ ಎಂದರೆ ಪ್ರತಿ ಬೀಜವೂ ಎದುರು ಮನೆಗೆ ಹೋಗುತ್ತದೆ. ‘ತಲೆಯವರು ಮಾತ್ರ ದಾಟಿ’ ಎಂದರೆ ಒಂದನೆಯ ಮತ್ತು ಮೂರನೆಯ ಮನೆಗಳಲ್ಲಿರುವ ಬೀಜಗಳು ಮಾತ್ರ ಅದಲುಬದಲು. ಮೊದಲ ಎರಡು ಕರೆಗಳನ್ನು ಎಷ್ಟು ಸಲ ಕೊಟ್ಟರೂ 24 ಕ್ರಮಗಳಲ್ಲಿ ನಾಲ್ಕನ್ನು ಮಾತ್ರ ಕಾಣುವಿರಿ. ಮೂರನೆಯದು ಸೇರಿದಾಗ ಆಟ ಬಿಗಿಯಾಗುತ್ತದೆ. ಒಬ್ಬರು ಕರೆ ಕೊಡಲಿ, ಮನೆಯ ಇನ್ನೊಬ್ಬರು ಬೀಜ ಸರಿಸಲಿ. ಈಗ ಒಂದು ಪ್ರಶ್ನೆ. ಮೊದಲು ‘ತಲೆಯವರು ಮಾತ್ರ ದಾಟಿ’, ಆಮೇಲೆ ‘ಕಾರ್ನರ್‌ನ್ನು ಮನೆಗೆ ತಾ’ ಎಂದು ಕರೆದಾಗಿದೆ. ಪಿಟೀಲಿನವರು ಇನ್ನೆರಡೇ ಕರೆಗೆ ಜಾಗವಿದೆ ಎಂದು ಕಣ್ಣಲ್ಲೇ ಸೂಚಿಸುತ್ತಿದ್ದಾರೆ. ಅವೆರಡರಲ್ಲಿ ಎಲ್ಲರನ್ನೂ ಮನೆಗೆ ಸೇರಿಸಬಲ್ಲಿರಾ? ಆಗದಿದ್ದರೆ, ಎಷ್ಟು ಕರೆ ಬೇಕು?